ಏಳು ವರ್ಷ ಮುಗಿಯುವುದು ಯಾವಾಗ? ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಮತ್ತು ವಾರ್ನರ್ ಬ್ರದರ್ಸ್ ಪ್ರಕರಣ

1943ರ ಮೇ ತಿಂಗಳು. ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ವಾರ್ನರ್ ಬ್ರದರ್ಸ್ ಸಿನಿಮಾ ಸ್ಟುಡಿಯೋ ಜತೆ ಮಾಡಿಕೊಂಡಿದ್ದ ಕರಾರಿಗೆ ಏಳು ವರ್ಷ ತುಂಬಿತು. ಕ್ಯಾಲೆಂಡರ್ ಪ್ರಕಾರ ಅವರು ಸ್ವತಂತ್ರರು. ಸ್ಟುಡಿಯೋ ಮಾತ್ರ ಇಲ್ಲ ಎಂದಿತು. ನಡುವೆ ಪಾತ್ರಗಳನ್ನು ಒಪ್ಪದೆ ಸಸ್ಪೆಂಡ್ ಆಗಿದ್ದಿರಿ, ಆ ದಿನಗಳನ್ನೆಲ್ಲ ಕೂಡಿಸಿದರೆ ಸುಮಾರು ಆರು ತಿಂಗಳಾಗುತ್ತದೆ, ಅಷ್ಟನ್ನು ದುಡಿದು ತೀರಿಸಿ ಹೋಗಿ ಎಂಬುದು ಸ್ಟುಡಿಯೋದ ಮಾತು.

ಆರು ತಿಂಗಳು ತಾನೇ, ಒಂದೋ ಎರಡೋ ಸಿನಿಮಾ ಮಾಡಿ ಮುಗಿಸಿಬಿಡಬಹುದಿತ್ತಲ್ವಾ ಎಂದು ಅನ್ನಿಸುವುದು ಸಹಜ. ಆ ಕಾಲದ ಹೆಚ್ಚಿನ ನಟ ನಟಿಯರು ಹಾಗೇ ಮಾಡುತ್ತಿದ್ದರು. ಒಲಿವಿಯಾ ಕೋರ್ಟಿಗೆ ಹೋದರು. ಸುಮಾರು ಎರಡು ವರ್ಷ ಸಿನಿಮಾ ಕೆಲಸವಿಲ್ಲದೆ ಕಳೆದರು. ಕೊನೆಗೆ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಇವತ್ತಿಗೂ ಏಳು ವರ್ಷದ ಮಿತಿಯ ನಿಯಮವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ, ಡಿ ಹ್ಯಾವಿಲ್ಯಾಂಡ್ ಕಾನೂನು ಎಂದು.

ಇದನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಿಗಿಂತ ಮೊದಲು ಅಷ್ಟೇ ಧೈರ್ಯ ತೋರಿಸಿದವರು ಸೋತು ವಾಪಸ್ ಬಂದಿದ್ದರು. ಹಾಗಾದರೆ ಇವರು ಗೆದ್ದದ್ದು ಹೇಗೆ? ನನಗೆ ಕಾಣುವ ಉತ್ತರ ಇದು: ಅವರು ಕೋರ್ಟಿನ ಮುಂದೆ ಇಟ್ಟ ಪ್ರಶ್ನೆ ತುಂಬಾ ಚಿಕ್ಕದಾಗಿತ್ತು. ಅದನ್ನು ಕೇಳುವುದಕ್ಕೆ ಸರಿಯಾದ ದಿನ ಬರುವವರೆಗೆ ಅವರು ಕಾದಿದ್ದರು.

ಟೋಕಿಯೋದಲ್ಲಿ ಹುಟ್ಟಿದ ಹುಡುಗಿ

ಒಲಿವಿಯಾ ಹುಟ್ಟಿದ್ದು 1916ರ ಜುಲೈ 1ರಂದು, ಜಪಾನಿನ ಟೋಕಿಯೋದಲ್ಲಿ. ಅಪ್ಪ ಅಮ್ಮ ಇಬ್ಬರೂ ಇಂಗ್ಲೆಂಡಿನವರು. ಅಪ್ಪ ಪೇಟೆಂಟ್ ವಕೀಲರು, ಅಮ್ಮ ರಂಗಭೂಮಿಯ ಗೀಳಿದ್ದವರು. 1919ರಲ್ಲಿ ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಗೆ ಬಂದರು. ಸಂಸಾರ ಸ್ಯಾನ್ ಹೋಸೆ ಹತ್ತಿರದ ಸಾರಾಟೋಗ ಎಂಬ ಊರಿನಲ್ಲಿ ನೆಲೆಯೂರಿತು. ತಂಗಿ ಮುಂದೆ ಜೋನ್ ಫಾಂಟೇನ್ ಎಂಬ ಹೆಸರಿನಲ್ಲಿ ದೊಡ್ಡ ನಟಿಯಾದರು. ಅಕ್ಕತಂಗಿಯರ ಮನಸ್ತಾಪದ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಈ ಪ್ರಕರಣಕ್ಕೆ ಅದು ಬೇಕಾಗಿಲ್ಲ, ಬಿಟ್ಟುಬಿಡೋಣ.

1934ರಲ್ಲಿ ಆಸ್ಟ್ರಿಯಾದ ಹೆಸರಾಂತ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕ ಆಡಿಸಿದರು. ಹರ್ಮಿಯಾ ಪಾತ್ರಕ್ಕೆ ಬೇರೆ ನಟಿ ಇದ್ದರು. ಒಲಿವಿಯಾ ಬದಲಿ ಕಲಾವಿದೆ ಅಷ್ಟೇ. ಆ ನಟಿಗೆ ಬರಲಾಗಲಿಲ್ಲ, ಪಾತ್ರ 18ರ ಹುಡುಗಿಗೆ ಸಿಕ್ಕಿತು. ಅದೇ ನಾಟಕವನ್ನು ವಾರ್ನರ್ ಬ್ರದರ್ಸ್ ಸಿನಿಮಾ ಮಾಡಲು ಹೊರಟಾಗ ಅವರನ್ನೇ ಕರೆದರು. ಶಿಕ್ಷಕಿಯಾಗುವ ಯೋಚನೆಯಲ್ಲಿದ್ದ ಒಲಿವಿಯಾ ವಾರಕ್ಕೆ 200 ಡಾಲರ್ ಸಂಬಳದ ಕರಾರಿಗೆ ಸಹಿ ಹಾಕಿದರು. ಅಮೆರಿಕ ಆಗ ಮಹಾ ಆರ್ಥಿಕ ಕುಸಿತದಲ್ಲಿತ್ತು. ಆ ಹೊತ್ತಿಗೆ ಆ ವಯಸ್ಸಿಗೆ ಅದು ದೊಡ್ಡ ಮೊತ್ತ.

1935ರಲ್ಲಿ 'ಕ್ಯಾಪ್ಟನ್ ಬ್ಲಡ್' ಬಂತು. ಜತೆಗೆ ನಟಿಸಿದ ಎರಲ್ ಫ್ಲಿನ್ ಕೂಡ ಆಗ ಹೊಸಬರೇ. ಇಬ್ಬರೂ ಒಂದೇ ಸಿನಿಮಾದಿಂದ ತಾರೆಯರಾದರು. 1936ರ ಏಪ್ರಿಲ್‌ನಲ್ಲಿ ಸ್ಟುಡಿಯೋ ಒಲಿವಿಯಾ ಜತೆ ಹೊಸ ಕರಾರು ಮಾಡಿಕೊಂಡಿತು. ಈ ಬಾರಿ ಏಳು ವರ್ಷಕ್ಕೆ. ಮುಂದೆ ಕೋರ್ಟಿನ ಕಟ್ಟೆ ಹತ್ತಿದ್ದು ಈ ಕಾಗದ.

ಕರಾರಿನ ಒಳಗೆ ಏನಿತ್ತು

ಏಳು ವರ್ಷದ ಕರಾರು ಅಂದರೆ ಏಳು ವರ್ಷದ ಕೆಲಸ ಗ್ಯಾರಂಟಿ ಎಂದು ಅಂದುಕೊಳ್ಳಬಾರದು. ನಟಿಯ ಕಡೆಯಿಂದ ಅದು ಏಳು ವರ್ಷ. ಸ್ಟುಡಿಯೋ ಕಡೆಯಿಂದ ಸ್ವಲ್ಪ ಸ್ವಲ್ಪವೇ. ಕರಾರನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿನ ಕೊನೆಯಲ್ಲಿ ಮುಂದುವರಿಸುವ ಅಥವಾ ಕೈಬಿಡುವ ಹಕ್ಕನ್ನು ಸ್ಟುಡಿಯೋ ತನ್ನ ಹತ್ತಿರ ಇಟ್ಟುಕೊಳ್ಳುತ್ತಿತ್ತು. ಇದಕ್ಕೆ ಆಪ್ಷನ್ ಎನ್ನುತ್ತಿದ್ದರು. ನಟಿ ಜನಪ್ರಿಯಳಾಗದಿದ್ದರೆ ಸ್ಟುಡಿಯೋ ಕೈಬಿಡಬಹುದು. ನಟಿ ತುಂಬಾ ಜನಪ್ರಿಯಳಾದರೆ ಆಕೆ ಮಾತ್ರ ಬಿಡುವ ಹಾಗಿಲ್ಲ.

ಯಾವ ಸಿನಿಮಾ, ಯಾವ ಪಾತ್ರ, ಯಾವ ನಿರ್ದೇಶಕ ಎಂಬುದನ್ನು ಸ್ಟುಡಿಯೋ ತೀರ್ಮಾನಿಸುತ್ತಿತ್ತು. ಬೇರೆ ಕಂಪನಿಗೆ ಬೇಕಾದರೆ ಎರವಲು ಕೊಡುತ್ತಿತ್ತು. ಎರವಲು ಪಡೆದವರು ಕೊಡುವ ಹಣ ಎಷ್ಟೇ ಜಾಸ್ತಿ ಇದ್ದರೂ ನಟಿಗೆ ಸಿಗುವುದು ಕರಾರಿನ ವಾರದ ಸಂಬಳ ಮಾತ್ರ. ಮಿಕ್ಕಿದ್ದು ಸ್ಟುಡಿಯೋ ಖಜಾನೆಗೆ.

ಪಾತ್ರ ಇಷ್ಟವಾಗಲಿಲ್ಲ ಎಂದು ನಟಿ ಒಪ್ಪದಿದ್ದರೆ? ಅವರನ್ನು ಸಸ್ಪೆಂಡ್ ಮಾಡುತ್ತಿದ್ದರು. ಆ ಪಾತ್ರವನ್ನು ಇನ್ನೊಬ್ಬರು ಮಾಡಿ ಮುಗಿಸುವವರೆಗೆ ಸಂಬಳ ಇಲ್ಲ, ಬೇರೆ ಕಡೆ ಕೆಲಸ ಮಾಡುವಂತೆಯೂ ಇಲ್ಲ. ಇಲ್ಲಿಯವರೆಗೆ ಒಂದು ಶಿಕ್ಷೆ. ಆಮೇಲೆ ಎರಡನೆಯದು ಶುರುವಾಗುತ್ತಿತ್ತು. ಸಸ್ಪೆಂಡ್ ಆಗಿದ್ದ ಅಷ್ಟೂ ವಾರಗಳನ್ನು ಕರಾರಿನ ಬಾಲಕ್ಕೆ ಸೇರಿಸುತ್ತಿದ್ದರು. ಸಂಬಳ ಇಲ್ಲದೆ ಮನೆಯಲ್ಲಿ ಕುಳಿತ ದಿನಗಳನ್ನು ಮುಂದೆ ಮತ್ತೆ ದುಡಿದು ತುಂಬಬೇಕು. ಮತ್ತೆ ಒಂದು ಪಾತ್ರ ಬೇಡ ಎಂದರೆ ಬಾಲ ಇನ್ನಷ್ಟು ಉದ್ದ.

ಈ ಎರಡನೆಯ ಶಿಕ್ಷೆಯೇ ಇಡೀ ಪ್ರಕರಣದ ಗಂಟು. ಇದಿದ್ದರೆ ಕರಾರಿಗೆ ಕೊನೆಯ ದಿನ ಎಂಬುದೇ ಇಲ್ಲ. ಸ್ವಾಭಿಮಾನ ಇರುವ ನಟಿಗೆ ಕೊನೆ ಇನ್ನೂ ದೂರ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಿಗೆ ಮಾತ್ರ ಏಳು ವರ್ಷ ಏಳೇ ವರ್ಷ.

ಒಳ್ಳೆಯ ಪಾತ್ರಗಳು ಹೊರಗಡೆ ಸಿಕ್ಕವು

ವಾರ್ನರ್ ಸ್ಟುಡಿಯೋಗೆ ಒಲಿವಿಯಾ ಅಂದರೆ ಫ್ಲಿನ್ ಪಕ್ಕದಲ್ಲಿ ನಿಲ್ಲುವ ಚೆಂದದ, ಮೃದು ಮಾತಿನ ಹುಡುಗಿ. 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಸಿನಿಮಾದಲ್ಲಿ ಆಕೆಯ ಮರಿಯನ್ ಇವತ್ತಿಗೂ ನೋಡುವ ಹಾಗಿದೆ. ಆದರೆ ಅದೇ ಅಚ್ಚಿನಲ್ಲಿ ಎಷ್ಟು ವರ್ಷ? ಇಬ್ಬರೂ ಒಟ್ಟು ಎಂಟು ಸಿನಿಮಾಗಳಲ್ಲಿ ಕಾಣಿಸಿಕೊಂಡರು. ಸಾಹಸ ನಾಯಕನದು, ಕಾಯುವುದು ನಾಯಕಿಯ ಕೆಲಸ.

1938ರ ಕೊನೆಯಲ್ಲಿ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ 'ಗಾನ್ ವಿತ್ ದಿ ವಿಂಡ್' ಸಿನಿಮಾದ ಮೆಲನಿ ಪಾತ್ರಕ್ಕೆ ಒಲಿವಿಯಾರನ್ನು ಬಯಸಿದರು. ಸ್ಟುಡಿಯೋ ಮುಖ್ಯಸ್ಥ ಜ್ಯಾಕ್ ವಾರ್ನರ್ ಒಪ್ಪಲಿಲ್ಲ. ಒಲಿವಿಯಾ ನೇರವಾಗಿ ವಾರ್ನರ್ ಅವರ ಹೆಂಡತಿ ಆ್ಯನ್ ಬಳಿ ಹೋಗಿ ಸಹಾಯ ಕೇಳಿದರು. ಅದು ಫಲಿಸಿತು. ಕೊನೆಗೆ ಒಪ್ಪಂದ ಆದದ್ದು ಹೀಗೆ: ಒಲಿವಿಯಾ ಸೆಲ್ಜ್‌ನಿಕ್ ಕಡೆ ಹೋಗಬೇಕು, ಬದಲಿಗೆ ಜೇಮ್ಸ್ ಸ್ಟುವರ್ಟ್ ಒಂದು ಸಿನಿಮಾಕ್ಕೆ ವಾರ್ನರ್ ಕಡೆ ಬರಬೇಕು. ನಟರನ್ನು ಹೀಗೆ ಅದಲುಬದಲು ಮಾಡಿಕೊಳ್ಳುವುದು ಆಗ ಮಾಮೂಲು.

ಮೆಲನಿ ಪಾತ್ರಕ್ಕೆ ಆಸ್ಕರ್ ಪೋಷಕ ನಟಿ ವಿಭಾಗದಲ್ಲಿ ನಾಮನಿರ್ದೇಶನ ಬಂತು. ಅದೇ ಸಿನಿಮಾದ ಹ್ಯಾಟಿ ಮೆಕ್‌ಡ್ಯಾನಿಯಲ್ ಗೆದ್ದರು. ಅಂಥ ಸಿನಿಮಾ ಮುಗಿಸಿ ವಾಪಸ್ ಬಂದ ನಟಿಗೆ ತಮ್ಮ ಸ್ಟುಡಿಯೋದಲ್ಲಿ ಸಿಕ್ಕಿದ್ದು ಬೆಟ್ಟಿ ಡೇವಿಸ್ ರಾಣಿ ಎಲಿಜಬೆತ್ ಆಗಿದ್ದ ಚಿತ್ರದಲ್ಲಿ ಅರಮನೆಯ ಒಬ್ಬ ಸಖಿಯ ಪಾತ್ರ. 1941ರಲ್ಲಿ ಮತ್ತೆ ಎರವಲು ಹೋದರು, ಈ ಸಾರಿ ಪ್ಯಾರಾಮೌಂಟ್‌ಗೆ, 'ಹೋಲ್ಡ್ ಬ್ಯಾಕ್ ದಿ ಡಾನ್' ಚಿತ್ರಕ್ಕೆ. ಮತ್ತೆ ನಾಮನಿರ್ದೇಶನ, ಈ ಸಾರಿ ಅತ್ಯುತ್ತಮ ನಟಿ ವಿಭಾಗದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಲಿವಿಯಾ ಜೀವನದಲ್ಲಿ ಒಟ್ಟು ಐದು ಆಸ್ಕರ್ ನಾಮನಿರ್ದೇಶನ ಪಡೆದರು. ಆ ಐದರಲ್ಲಿ ಒಂದೂ ವಾರ್ನರ್ ಬ್ರದರ್ಸ್ ತಯಾರಿಸಿದ ಸಿನಿಮಾಕ್ಕೆ ಬಂದದ್ದಲ್ಲ. ಎಂಟು ವರ್ಷಕ್ಕೂ ಜಾಸ್ತಿ ಸಂಬಳ ಕೊಟ್ಟು ಇಟ್ಟುಕೊಂಡ ಸ್ಟುಡಿಯೋಗೆ ಆಕೆಯಲ್ಲಿ ಏನಿದೆ ಎಂಬುದು ಕಾಣಲೇ ಇಲ್ಲ. ಹೊರಗಿನವರಿಗೆ ಕಂಡಿತು. ಪಾತ್ರಗಳನ್ನು ತಿರಸ್ಕರಿಸಿದ್ದು ತಾರೆಯ ಹಟ ಎಂದು ಸ್ಟುಡಿಯೋ ವಕೀಲರು ಕೋರ್ಟಿನಲ್ಲಿ ಬಿಂಬಿಸಲು ನೋಡಿದರು. ಈ ಪಟ್ಟಿ ನೋಡಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ.

ಮೊದಲು ಪ್ರಯತ್ನಿಸಿದವರು

ಅದೇ ಸ್ಟುಡಿಯೋದ ಇಬ್ಬರು ಮೊದಲೇ ಜಗಳ ತೆಗೆದಿದ್ದರು. ಒಬ್ಬರು ಜೇಮ್ಸ್ ಕ್ಯಾಗ್ನಿ. ವರ್ಷಕ್ಕೆ ಇಷ್ಟೇ ಸಿನಿಮಾ ಎಂಬ ಮಾತು, ಜಾಹೀರಾತಿನಲ್ಲಿ ಹೆಸರು ಎಲ್ಲಿರಬೇಕೆಂಬ ಮಾತು ಎರಡನ್ನೂ ಸ್ಟುಡಿಯೋ ಮುರಿದಿದೆ ಎಂದು ಅವರು ದೂರಿದರು. 1936ರಲ್ಲಿ ಗೆದ್ದರು. ಆದರೆ ಆ ತೀರ್ಪು ಅವರ ಕರಾರಿನ ಷರತ್ತಿಗೆ ಮಾತ್ರ ಸಂಬಂಧಿಸಿದ್ದು. ಇನ್ನೊಬ್ಬರಿಗೆ ಅದರಿಂದ ಏನೂ ಸಿಗಲಿಲ್ಲ. ಕ್ಯಾಗ್ನಿ ಕೂಡ ಎರಡು ವರ್ಷದಲ್ಲಿ ವಾರ್ನರ್‌ಗೇ ಮರಳಿದರು, ಮೊದಲಿಗಿಂತ ಒಳ್ಳೆಯ ಷರತ್ತುಗಳ ಮೇಲೆ.

ಇನ್ನೊಬ್ಬರು ಬೆಟ್ಟಿ ಡೇವಿಸ್. ಕೆಟ್ಟ ಪಾತ್ರಗಳಿಂದ ಬೇಸತ್ತು 1936ರಲ್ಲಿ ಕರಾರಿನ ನಡುವೆಯೇ ಇಂಗ್ಲೆಂಡಿಗೆ ಹೋದರು. ಅಲ್ಲಿನ ನಿರ್ಮಾಪಕರೊಬ್ಬರ ಚಿತ್ರದಲ್ಲಿ ನಟಿಸಲು ಒಪ್ಪಿದರು. ವಾರ್ನರ್ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದಿತು. ಇಂಗ್ಲೆಂಡಿನ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಆ ತೀರ್ಪನ್ನು ಓದುತ್ತಾರೆ. ನಟಿಸಲೇಬೇಕು ಎಂದು ಕೋರ್ಟು ಒತ್ತಾಯ ಮಾಡಲಾಗದು, ಆದರೆ ಬೇರೆಯವರಿಗೆ ನಟಿಸಬಾರದು ಎಂದು ತಡೆಯಬಹುದು ಎಂಬುದು ಅದರ ಸಾರ. ಡೇವಿಸ್ ಹಾಲಿವುಡ್‌ಗೆ ವಾಪಸ್ ಬಂದರು.

ಡೇವಿಸ್ ಸೋಲಿಗೆ ಕಾರಣ ಸ್ಪಷ್ಟ. ಅವರು ಕರಾರು ಜಾರಿಯಲ್ಲಿರುವಾಗಲೇ ಅದನ್ನು ಮುರಿದರು. ಹಾಗಾಗಿ ಕೋರ್ಟಿನಲ್ಲಿ ಅವರು ಮಾತು ತಪ್ಪಿದವರು, ಸ್ಟುಡಿಯೋ ನೊಂದ ಪಕ್ಷ. ಇನ್ನೊಂದು, ಕ್ಯಾಲಿಫೋರ್ನಿಯಾದ ಕಾರ್ಮಿಕರಿಗೆ ಇರುವ ರಕ್ಷಣೆ ಲಂಡನ್ನಿನ ಕೋರ್ಟಿನಲ್ಲಿ ಕೆಲಸಕ್ಕೆ ಬರುವಂಥದ್ದಲ್ಲ.

ಹಳೆಯ ಕಾನೂನು, ಹೊಸ ಬಳಕೆ

ಒಲಿವಿಯಾ ಪರ ವಕೀಲ ಮಾರ್ಟಿನ್ ಗ್ಯಾಂಗ್. ಅವರು ಆಧಾರವಾಗಿ ಹಿಡಿದದ್ದು ಸಿನಿಮಾಕ್ಕಾಗಿ ಬರೆದ ಕಾನೂನಲ್ಲ. ಸಿನಿಮಾ ಹುಟ್ಟುವ ಮೊದಲೇ, 1872ರಲ್ಲಿ, ಕ್ಯಾಲಿಫೋರ್ನಿಯಾ ಒಂದು ನಿಯಮ ಮಾಡಿತ್ತು. ಒಬ್ಬ ಮನುಷ್ಯನ ದುಡಿಮೆಯ ಕರಾರನ್ನು ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಅವನ ಮೇಲೆ ಹೇರುವಂತಿಲ್ಲ ಎಂದು. 1919ರಲ್ಲಿ ಆ ಎರಡು ಐದಾಯಿತು. 1931ರಲ್ಲಿ ಏಳಾಯಿತು. 1937ರಲ್ಲಿ ಅದನ್ನು ಕಾರ್ಮಿಕ ಸಂಹಿತೆಯ 2855ನೇ ಕಲಂ ಆಗಿ ಬರೆದರು. ಕೆಲಸ ಶುರುವಾದಂದಿನಿಂದ ಏಳು ವರ್ಷ ದಾಟಿದ ಮೇಲೆ ಅಂಥ ಕರಾರನ್ನು ದುಡಿಯುವವರ ಮೇಲೆ ಜಾರಿ ಮಾಡುವಂತಿಲ್ಲ ಎಂಬುದು ಅದರ ತಿರುಳು.

ಹಾಲಿವುಡ್ ಕರಾರುಗಳು ಏಳೇ ವರ್ಷದ್ದು ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಕಾನೂನು ಬಿಡುವ ಗರಿಷ್ಠ ಅವಧಿ ಅದು. ಸ್ಟುಡಿಯೋಗಳು ಆ ಗರಿಷ್ಠವನ್ನು ಮುಟ್ಟಿ, ಸಸ್ಪೆನ್ಷನ್ ಎಂಬ ಬಾಗಿಲಿನಿಂದ ಅದನ್ನು ದಾಟುತ್ತಿದ್ದವು. ಇದು ಸರಿಯಾ ಎಂದು ಮೇಲ್ಮನವಿ ಕೋರ್ಟಿನವರೆಗೆ ಒಯ್ದು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಗ್ಯಾಂಗ್ ಆರಿಸಿಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಒಲಿವಿಯಾ ಕರಾರು ಮುರಿಯಲಿಲ್ಲ. ಪರಿಹಾರದ ಹಣ ಕೇಳಲಿಲ್ಲ. ಸ್ಟುಡಿಯೋ ನನಗೆ ಅನ್ಯಾಯ ಮಾಡಿತು ಎಂಬ ದೊಡ್ಡ ದೂರನ್ನೂ ಮುಂದಿಡಲಿಲ್ಲ. 1943ರ ಆಗಸ್ಟ್ 23ರಂದು ಅವರು ಸಲ್ಲಿಸಿದ್ದು ಘೋಷಣಾ ದಾವೆ. ಈ ಕರಾರು ಇನ್ನೂ ನನ್ನನ್ನು ಕಟ್ಟಿಹಾಕುತ್ತದೆಯೋ ಇಲ್ಲವೋ, ಅಷ್ಟನ್ನು ಕೋರ್ಟು ಹೇಳಲಿ. ಬಂದದ್ದು ಏಳು ವರ್ಷ ಪೂರ್ತಿ ಆದ ಮೇಲೆ.

ಹೀಗೆ ಕೇಳಿದಾಗ ಪಾತ್ರ ಒಳ್ಳೆಯದಿತ್ತೋ ಕೆಟ್ಟದಿತ್ತೋ, ನಟಿ ಹಟಮಾರಿಯೋ ಅಲ್ಲವೋ ಎಂಬ ಚರ್ಚೆಗೆ ಜಾಗವೇ ಇಲ್ಲ. ಸಸ್ಪೆಂಡ್ ಮಾಡಿದ್ದು ಸರಿ ಎಂದೇ ಇಟ್ಟುಕೊಂಡರೂ ಪ್ರಶ್ನೆ ಹಾಗೇ ಉಳಿಯುತ್ತದೆ. ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳು ವರ್ಷವೋ, ನಿಜವಾಗಿ ದುಡಿದ ದಿನಗಳ ಏಳು ವರ್ಷವೋ? ಸ್ಟುಡಿಯೋದ ಇಡೀ ಪ್ರತಾಪ ಈ ಒಂದು ಸಾಲಿನ ಮುಂದೆ ನಿಲ್ಲಬೇಕಾಯಿತು.

ಕೆಲಸವಿಲ್ಲದ ಕಾಲ

ಲಾಸ್ ಏಂಜಲಿಸ್‌ನ ಸುಪೀರಿಯರ್ ಕೋರ್ಟು ಒಲಿವಿಯಾ ಪರ ತೀರ್ಪು ಕೊಟ್ಟಿತು. ಅಲ್ಲಿಗೆ ಮುಗಿಯಲಿಲ್ಲ. ವಾರ್ನರ್ ಮೇಲ್ಮನವಿ ಸಲ್ಲಿಸಿತು. ಅದು ತೀರ್ಮಾನವಾಗುವವರೆಗೆ ಯಾರೂ ಇವರಿಗೆ ಕೆಲಸ ಕೊಡಬಾರದು ಎಂದು ಜ್ಯಾಕ್ ವಾರ್ನರ್ ಇತರ ಕಂಪನಿಗಳಿಗೆಲ್ಲ ತಿಳಿಸಿದರು. ಕೊಟ್ಟರೆ ಅವರನ್ನೂ ಕೋರ್ಟಿಗೆ ಎಳೆಯುವ ಬೆದರಿಕೆ ಅದರಲ್ಲಿತ್ತು. ಯಾವ ಸ್ಟುಡಿಯೋ ಆದರೂ ಮುಂದೆ ಬರುತ್ತಿತ್ತಾ? ಅವರೆಲ್ಲರೂ ಅದೇ ಥರದ ಕರಾರಿನ ಮೇಲೆಯೇ ನಟರನ್ನು ಇಟ್ಟುಕೊಂಡಿದ್ದರು. ವಾರ್ನರ್ ಸೋತರೆ ಅವರಿಗೂ ನಷ್ಟ.

ಒಲಿವಿಯಾಗೆ ಆಗ 27 ವರ್ಷ. ನಟಿಯೊಬ್ಬರಿಗೆ ಅಂದಿನ ಹಾಲಿವುಡ್‌ನಲ್ಲಿ ಅದು ಕಳೆದುಕೊಳ್ಳಬಾರದ ಕಾಲ. ಮುಗಿಸಿಕೊಟ್ಟಿದ್ದ 'ಡಿವೋಷನ್' ಚಿತ್ರವನ್ನು ವಾರ್ನರ್ 1946ರವರೆಗೆ ಬಿಡುಗಡೆ ಮಾಡಲಿಲ್ಲ. ವಕೀಲರ ಖರ್ಚು ಸುಮಾರು 13 ಸಾವಿರ ಡಾಲರ್ ಆಯಿತು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಸಿನಿಮಾದಿಂದ ಬರುವ ಆದಾಯ ನಿಂತಿತ್ತು.

ಆ ಬಿಡುವನ್ನು ಅವರು ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಲು ಬಳಸಿಕೊಂಡರು. ಎರಡನೇ ಮಹಾಯುದ್ಧದ ಕಾಲ ಅದು. ಅಲಾಸ್ಕಾ ಕಡೆಯ ಅಲ್ಯೂಷನ್ ದ್ವೀಪಗಳಿಗೆ, ಆಮೇಲೆ ದಕ್ಷಿಣ ಪೆಸಿಫಿಕ್‌ನ ಮಿಲಿಟರಿ ಆಸ್ಪತ್ರೆಗಳಿಗೆ ಹೋದರು. ಹಾಡು ಕುಣಿತದ ಕಾರ್ಯಕ್ರಮ ಕೊಡುವ ತಾರೆಯರು ಬೇರೆ ಇದ್ದರು. ಇವರು ವಾರ್ಡಿನಿಂದ ವಾರ್ಡಿಗೆ ಹೋಗಿ ಹಾಸಿಗೆ ಪಕ್ಕದಲ್ಲಿ ಕುಳಿತು ಮಾತಾಡುತ್ತಿದ್ದರು. ಫಿಜಿಯಲ್ಲಿ ನ್ಯುಮೋನಿಯಾ ತಗುಲಿ ತಾವೇ ಆಸ್ಪತ್ರೆ ಸೇರಬೇಕಾಯಿತು. ಈ ಪ್ರವಾಸದ ಭಾಗಕ್ಕೂ ಕೇಸಿಗೂ ನೇರ ಸಂಬಂಧವಿಲ್ಲ. ಆದರೂ ಹೇಳಬೇಕು ಅನ್ನಿಸಿತು, ಯಾಕೆಂದರೆ ಕೆಲಸ ನಿಂತ ಆ ಕಾಲವನ್ನು ಅವರು ಸುಮ್ನೆ ಕುಳಿತು ಕಳೆಯಲಿಲ್ಲ.

ಮೇಲ್ಮನವಿ ಕೋರ್ಟು ಹೇಳಿದ್ದು

1944ರ ಡಿಸೆಂಬರ್ 8ರಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟಿನ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಕ್ಲೆಮೆಂಟ್ ಶಿನ್. ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳು ವರ್ಷ. ಕೆಲಸ ಶುರುವಾದ ದಿನದಿಂದ ಲೆಕ್ಕ. ನಡುವೆ ಎಷ್ಟು ಸಸ್ಪೆನ್ಷನ್ ಇದ್ದರೂ ಗಡಿಯಾರ ನಿಲ್ಲುವುದಿಲ್ಲ.

ಸ್ಟುಡಿಯೋದ ಅರ್ಥವನ್ನು ಒಪ್ಪಿದ್ದರೆ ಏನಾಗುತ್ತಿತ್ತು ಯೋಚಿಸಿ. ವರ್ಷಕ್ಕೆ ಅರ್ಧ ಕಾಲ ಮಾತ್ರ ಕೆಲಸ, ಉಳಿದರ್ಧ ಸಸ್ಪೆನ್ಷನ್ ಎಂದಾದರೆ ಏಳು ವರ್ಷದ ಕರಾರು 14 ವರ್ಷ ಎಳೆಯುತ್ತದೆ. ಇನ್ನೂ ಕಮ್ಮಿ ಕೆಲಸ ಕೊಟ್ಟರೆ ಇನ್ನೂ ಉದ್ದ. ಕಾನೂನು ಹಾಕಿದ ಮಿತಿಗೆ ಬೆಲೆಯೇ ಇರುವುದಿಲ್ಲ.

ವಾರ್ನರ್ ಪರವಾಗಿ ಇನ್ನೊಂದು ವಾದವೂ ಇತ್ತು, ಮೇಲ್ನೋಟಕ್ಕೆ ಗಟ್ಟಿ ಅನ್ನಿಸುವಂಥದ್ದು. ಅವಧಿ ಕೂಡಿಸುವ ಷರತ್ತು ಇರುವ ಕರಾರಿಗೆ ಆಕೆಯೇ ಸಹಿ ಹಾಕಿದ್ದಾರೆ, ಅಂದಮೇಲೆ ಕಾನೂನಿನ ರಕ್ಷಣೆಯನ್ನು ಆಕೆಯೇ ಬಿಟ್ಟುಕೊಟ್ಟ ಹಾಗೆ ಎಂದು. ಕೋರ್ಟು ಇದನ್ನೂ ಒಪ್ಪಲಿಲ್ಲ. ಸಾರ್ವಜನಿಕ ಹಿತಕ್ಕಾಗಿ ಮಾಡಿದ ರಕ್ಷಣೆಯನ್ನು ಖಾಸಗಿ ಕಾಗದದ ಮೇಲೆ ಸಹಿ ಹಾಕಿ ಬಿಟ್ಟುಕೊಡಲಾಗದು. ಬಿಟ್ಟುಕೊಡಬಹುದು ಎಂದಾಗಿದ್ದರೆ ಪ್ರತಿ ಕರಾರಿನಲ್ಲೂ ಆ ಸಾಲನ್ನು ಅಚ್ಚು ಹಾಕಿಸುವುದು ಸ್ಟುಡಿಯೋಗಳಿಗೆ ಎಷ್ಟು ಹೊತ್ತಿನ ಕೆಲಸ? ಕೆಲಸ ಬೇಕಾದ 18ರ ಹುಡುಗಿ ಅದಕ್ಕೂ ಸಹಿ ಹಾಕುತ್ತಾಳೆ.

ತೀರ್ಪಿನಲ್ಲಿ ನನಗೆ ತುಂಬಾ ಹಿಡಿಸಿದ ವಿಚಾರ ಇನ್ನೊಂದಿದೆ. ಅನುಭವ ಮತ್ತು ಕೌಶಲ ಬೆಳೆದಂತೆ ಮನುಷ್ಯನಿಗೆ ಮೇಲೇರಲು, ತನ್ನ ಶಕ್ತಿಯನ್ನು ಚೆನ್ನಾಗಿ ಬಳಸಿಕೊಂಡು ಸಿಗಬಹುದಾದ ಒಳ್ಳೆಯ ಸಂಬಳ ಪಡೆಯಲು ಅವಕಾಶ ಇರಬೇಕು ಎಂದು ಕೋರ್ಟು ಹೇಳಿತು. ಅಲ್ಲಿ ತಾರೆ ಎಂಬ ಮಾತಿಲ್ಲ, ದುಡಿಯುವ ಯಾರಿಗಾದರೂ ಅನ್ವಯಿಸುವ ಮಾತು. ಒಲಿವಿಯಾ ಕೂಡ ಆ ಕೋರ್ಟಿನಲ್ಲಿ ಒಬ್ಬ ಕೆಲಸಗಾರ್ತಿ ಅಷ್ಟೇ ಆಗಿದ್ದರು.

1945ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ವಾರ್ನರ್ ಮನವಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಲ್ಲಿಗೆ ದಾರಿ ಮುಗಿಯಿತು.

ಬಿಡುಗಡೆಯಾದ ಮೇಲೆ

ಒಲಿವಿಯಾ ಮೊದಲು ಹೋದದ್ದು ಪ್ಯಾರಾಮೌಂಟ್‌ಗೆ. ಅಲ್ಲಿ ಮಾಡಿದ ಚಿತ್ರಗಳಲ್ಲಿ ಒಂದು 'ಟು ಈಚ್ ಹಿಸ್ ಓನ್'. ಮೊದಲನೇ ಮಹಾಯುದ್ಧದ ಕಾಲದಲ್ಲಿ ಮದುವೆಯಾಗದೆ ತಾಯಿಯಾದ ಹೆಣ್ಣೊಬ್ಬಳ ಕಥೆ. ಹುಡುಗಿಯಿಂದ ನಡುವಯಸ್ಸಿನವರೆಗೆ ಒಂದೇ ಪಾತ್ರ. ಈ ಹಿಂದೆ 'ಹೋಲ್ಡ್ ಬ್ಯಾಕ್ ದಿ ಡಾನ್' ಮಾಡಿಸಿದ್ದ ಮಿಚೆಲ್ ಲೈಸನ್ ನಿರ್ದೇಶಕರಾಗಬೇಕು ಎಂದು ಕೇಳಿ ಪಡೆದರು. ವಾರ್ನರ್‌ನಲ್ಲಿದ್ದಾಗ ಹೀಗೆ ಕೇಳುವುದಕ್ಕೆ ಅವಕಾಶವೇ ಇರಲಿಲ್ಲ. 1947ರ ಮಾರ್ಚ್‌ನಲ್ಲಿ ಈ ಪಾತ್ರಕ್ಕೆ ಅತ್ಯುತ್ತಮ ನಟಿ ಆಸ್ಕರ್ ಬಂತು.

'ದಿ ಡಾರ್ಕ್ ಮಿರರ್' ಚಿತ್ರದಲ್ಲಿ ಅವಳಿ ಅಕ್ಕತಂಗಿಯರು, ಒಬ್ಬಳು ಒಳ್ಳೆಯವಳು, ಇನ್ನೊಬ್ಬಳು ಕೊಲೆಗಾತಿ, ಎರಡೂ ಅವರೇ. 1948ರ 'ದಿ ಸ್ನೇಕ್ ಪಿಟ್' ಚಿತ್ರದಲ್ಲಿ ಮಾನಸಿಕ ಆಸ್ಪತ್ರೆಯ ರೋಗಿ. ಅದಕ್ಕಾಗಿ ಅವರು ನಿಜವಾದ ಆಸ್ಪತ್ರೆಗಳಿಗೆ ಹೋಗಿ ಅಲ್ಲಿನ ಚಿಕಿತ್ಸೆ, ರೋಗಿಗಳು ಇರುವ ರೀತಿ ನೋಡಿಕೊಂಡು ಬಂದರು. ಮೇಕಪ್ ಇಲ್ಲದ, ಕೆದರಿದ ಕೂದಲಿನ ಆ ಮುಖ ರಾಬಿನ್ ಹುಡ್‌ನ ಮರಿಯನ್ ಮುಖವೇ ಎಂದು ನಂಬುವುದು ಕಷ್ಟ.

'ದಿ ಹೇರೆಸ್' ನನಗೆ ಎಲ್ಲಕ್ಕಿಂತ ಇಷ್ಟ. ಹೆನ್ರಿ ಜೇಮ್ಸ್ ಕಾದಂಬರಿ ಆಧರಿಸಿದ ನಾಟಕವನ್ನು ಒಲಿವಿಯಾ ನ್ಯೂಯಾರ್ಕಿನಲ್ಲಿ ನೋಡಿದರು. ನಿರ್ದೇಶಕ ವಿಲಿಯಂ ವೈಲರ್ ಅವರಿಗೆ ಹೇಳಿ, ಇದನ್ನು ಸಿನಿಮಾ ಮಾಡೋಣ ಎಂದರು. ಪಾತ್ರ ಕ್ಯಾಥರಿನ್ ಸ್ಲೋಪರ್. ಶ್ರೀಮಂತ ಡಾಕ್ಟರ್ ಮಗಳು, ಸಂಕೋಚದವಳು, ಚೆಂದವಿಲ್ಲ ಎಂದು ಅಪ್ಪನೇ ಹಂಗಿಸುವಂಥವಳು. ಹಣಕ್ಕಾಗಿ ಪ್ರೀತಿಸುವ ನಟನೆ ಮಾಡಿ ಕೈಕೊಟ್ಟವನು ವರ್ಷಗಳ ಮೇಲೆ ವಾಪಸ್ ಬಂದು ಬಾಗಿಲು ಬಡಿಯುತ್ತಾನೆ. ಆಕೆ ದೀಪ ಹಿಡಿದು ಮೆಟ್ಟಿಲು ಹತ್ತಿ ಹೋಗುತ್ತಾಳೆ, ಬಾಗಿಲು ತೆರೆಯುವುದಿಲ್ಲ. ಆ ಹೊತ್ತಿಗೆ ಒಲಿವಿಯಾ ಮುಖದಲ್ಲಿ ಇರುವ ಗಟ್ಟಿತನ ಸಿನಿಮಾದ ಮೊದಲ ಭಾಗದಲ್ಲಿ ಎಲ್ಲೂ ಇರುವುದಿಲ್ಲ. ಈ ಪಾತ್ರಕ್ಕೆ ಎರಡನೇ ಆಸ್ಕರ್. 1946ರಿಂದ 1949ರವರೆಗಿನ ಚಿತ್ರಗಳಿಗೆ ಮೂರು ನಾಮನಿರ್ದೇಶನ, ಎರಡು ಗೆಲುವು. ಬಂಧನದಲ್ಲಿ ಕಳೆದುಹೋಗುತ್ತಿದ್ದದ್ದು ಏನು ಎಂಬುದಕ್ಕೆ ಈ ನಾಲ್ಕು ವರ್ಷಗಳಿಗಿಂತ ದೊಡ್ಡ ಸಾಕ್ಷಿ ಬೇಡ.

1950ರ ದಶಕದಲ್ಲಿ ಅವರು ಪ್ಯಾರಿಸ್‌ನಲ್ಲಿ ನೆಲೆಸಿದರು. ಸಿನಿಮಾಗಳು ಕಮ್ಮಿಯಾದವು. 1965ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆಯಾದ ಮೊದಲ ಮಹಿಳೆ ಅವರು. 2020ರ ಜುಲೈ 26ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡಾಗ 104 ವರ್ಷ.

ತೀರ್ಪು ಎಷ್ಟು ದೂರ ಹೋಯಿತು, ಎಲ್ಲಿ ನಿಂತಿತು

ತಕ್ಷಣ ಅನುಕೂಲವಾದದ್ದು ಯುದ್ಧಕ್ಕೆ ಹೋಗಿದ್ದ ನಟರಿಗೆ. ಸೈನ್ಯದಲ್ಲಿ ಕಳೆದ ವರ್ಷಗಳನ್ನೂ ಕರಾರಿನ ಬಾಲಕ್ಕೆ ಸೇರಿಸುವ ಯೋಚನೆ ಸ್ಟುಡಿಯೋಗಳಿಗೆ ಇತ್ತು. ಈ ತೀರ್ಪಿನ ಮುಂದೆ ಅದು ನಡೆಯುವಂತಿರಲಿಲ್ಲ. ಒಲಿವಿಯಾಗೆ ಬದಲಾಗಿ ವಾರ್ನರ್‌ಗೆ ಹೋಗಿದ್ದ ಅದೇ ಜೇಮ್ಸ್ ಸ್ಟುವರ್ಟ್ ವಾಯುಪಡೆಯಿಂದ ಮರಳಿದ ಮೇಲೆ ತಮ್ಮ ಹಳೆಯ ಸ್ಟುಡಿಯೋ ಎಂಜಿಎಂಗೆ ಹೋಗಲಿಲ್ಲ. 1950ರಲ್ಲಿ ಯೂನಿವರ್ಸಲ್ ಜತೆ ಸಂಬಳದ ಬದಲು ಲಾಭದಲ್ಲಿ ಪಾಲು ಪಡೆಯುವ ಒಪ್ಪಂದ ಮಾಡಿಕೊಂಡರು. ತಾರೆಯರ ಸಂಪಾದನೆಯ ರೀತಿಯೇ ಬದಲಾಗುತ್ತಾ ಹೋಯಿತು.

ಆದರೆ ಸ್ಟುಡಿಯೋ ಯುಗ ಮುಗಿಸಿದ್ದು ಈ ಒಂದು ತೀರ್ಪು ಎಂದು ಹೇಳುವುದು ಸರಿಯಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಟಿವಿ ಬಂತು. ನೂರಾರು ಜನರನ್ನು ವಾರದ ಸಂಬಳದ ಮೇಲೆ ಇಟ್ಟುಕೊಳ್ಳುವುದು ಸ್ಟುಡಿಯೋಗಳಿಗೇ ಭಾರವಾಯಿತು. ಅದರಿಂದ ಪೆಟ್ಟು ತಿಂದವರೂ ಇದ್ದಾರೆ. ಹೆಸರಿಲ್ಲದ ಚಿಕ್ಕ ಕಲಾವಿದರಿಗೆ ವಾರ ವಾರ ಬರುತ್ತಿದ್ದ ಸಂಬಳ ನಿಂತುಹೋಯಿತು. ಸ್ವಾತಂತ್ರ್ಯದ ಲಾಭ ಜಾಸ್ತಿ ಸಿಕ್ಕಿದ್ದು ಈಗಾಗಲೇ ಹೆಸರು ಮಾಡಿದವರಿಗೆ. ಇದನ್ನು ಮುಚ್ಚಿಡಬಾರದು.

ತೀರ್ಪು ಮುಟ್ಟದ ಜಾಗವೂ ಇತ್ತು. ಸಂಬಳವಿಲ್ಲದ ಸಸ್ಪೆನ್ಷನ್ ಅನ್ನು ಅದು ನಿಲ್ಲಿಸಲಿಲ್ಲ, ಅದರಿಂದ ಅವಧಿ ಬೆಳೆಯುವುದನ್ನು ಮಾತ್ರ ಏಳು ವರ್ಷಕ್ಕೆ ನಿಲ್ಲಿಸಿತು. ಏಳು ವರ್ಷದ ಒಳಗೆ ಯಜಮಾನಿಕೆ ಸ್ಟುಡಿಯೋದ್ದೇ.

ಮುಂದೆ ಇದೇ ಕಲಂ ಸಂಗೀತಗಾರರ ಕೈಗೆ ಬಂತು. ಅವರ ಕರಾರು ವರ್ಷಗಳ ಲೆಕ್ಕದ್ದಲ್ಲ, ಇಷ್ಟು ಆಲ್ಬಂ ಕೊಡಬೇಕು ಎಂಬ ಲೆಕ್ಕದ್ದು. ಏಳು ವರ್ಷದಲ್ಲಿ ಅಷ್ಟು ಆಲ್ಬಂ ಮುಗಿಯದಿದ್ದರೆ? ರೆಕಾರ್ಡ್ ಕಂಪನಿಗಳು ಶಾಸಕರ ಮೇಲೆ ಒತ್ತಡ ತಂದವು. 1987ರಲ್ಲಿ ತಿದ್ದುಪಡಿ ಆಯಿತು. ಏಳು ವರ್ಷ ಮುಗಿದ ಮೇಲೆ ಕಲಾವಿದ ಹೊರಟರೂ, ಕೊಡದೆ ಉಳಿದ ಆಲ್ಬಂಗಳಿಗೆ ಕಂಪನಿ ನಷ್ಟ ಪರಿಹಾರ ಕೇಳಬಹುದು ಎಂದಾಯಿತು. 2008ರಲ್ಲಿ ನಟ, ಗಾಯಕ ಜೇರೆಡ್ ಲೆಟೊ ಅವರ ಬ್ಯಾಂಡ್ ಈ ಕಾನೂನು ಹಿಡಿದು ಹೊರಟಾಗ ಇಎಂಐ ಕಂಪನಿ 3 ಕೋಟಿ ಡಾಲರ್ ಕೇಳಿ ದಾವೆ ಹೂಡಿತು. ಮರುವರ್ಷ ರಾಜಿಯಾಯಿತು. ನಟರಿಗೆ ಸಿಕ್ಕ ರಕ್ಷಣೆ ಹಾಡುಗಾರರಿಗೆ ಪೂರ್ತಿ ಇಲ್ಲ ಎಂಬುದು ನನ್ನ ಕಣ್ಣಿಗೆ ಅನ್ಯಾಯವೇ. 1944ರ ಕೋರ್ಟು ಕೊಟ್ಟ ಕಾರಣ ಹಾಡುವವರಿಗೂ ಅಷ್ಟೇ ಸಲ್ಲುತ್ತದೆ. ಆ ತಿದ್ದುಪಡಿಯನ್ನು ತೆಗೆಯಬೇಕು ಎಂಬ ಬೇಡಿಕೆ ಕ್ಯಾಲಿಫೋರ್ನಿಯಾದ ಶಾಸನಸಭೆಯ ಮುಂದೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ.